ಶಾಲೆಯ ಸಾಂಬಾರು ಮಾಡುವ ವಿಧಾನ

ನನ್ನ ಬಾಯಿ ಜೋರು. ಕಾಸರಕೋಡಿನ ನಮ್ಮ ಕೇರಿಯಲ್ಲಿ ಮಾದೇವಿ ಎಂದರೆ ಸಾಕು, ಎಲ್ಲರೂ ಮೊದಲು ಹೇಳುವುದು ಇದನ್ನೇ. ಮದುವೆಯಾಗಿ ಬಂದಾಗಿನಿಂದ ಒಣಮೀನಿನ ಬುಟ್ಟಿ ಹೊತ್ತು ಹೊನ್ನಾವರ ಪೇಟೆ ಸುತ್ತಿದವಳು ನಾನು. ಮೆಲ್ಲಗೆ ಮಾತಾಡಿದ್ದರೆ ಬುಟ್ಟಿ ಖಾಲಿಯಾಗುತ್ತಿತ್ತೇ? ಶಾಲೆಯಲ್ಲಿ ಬಿಸಿಯೂಟ ಶುರುವಾದ ವರ್ಷ ಅಡುಗೆ ಕೆಲಸ ಸಿಕ್ಕಿತು, ಬಿಸಿಲಲ್ಲಿ ತಿರುಗುವುದು ತಪ್ಪಿತು. ಆ ಕೆಲಸವೆಂದರೆ ನನಗೆ ಜೀವ.

ಹಾಗಿರುವಾಗ ರಮಾನಂದ ಮಾಸ್ತರರು ನಾಲ್ಕನೆಯ ತರಗತಿಯ ಮಕ್ಕಳನ್ನು ತಂದು ಅಡುಗೆಕೋಣೆಯ ಬಾಗಿಲಲ್ಲಿ ಕೂರಿಸಿದರೆ ಮೈ ಉರಿಯದೆ ಇರುತ್ತದೆಯೇ? ಸಾಂಬಾರಿನ ಬಗ್ಗೆ ಬರೆಯಿರಿ ಎಂದದ್ದಕ್ಕೆ ಮಕ್ಕಳೆಲ್ಲ, "ಸಾಂಬಾರು ಬಹಳ ಉಪಯುಕ್ತವಾದುದು. ನಾವು ಅದನ್ನು ಪ್ರೀತಿಸಬೇಕು" ಎಂದು ಬರೆದಿದ್ದರಂತೆ.

"ಅದನ್ನ ಓದಿ ಯಾರಾದ್ರೂ ಸಾಂಬಾರು ಮಾಡೂಕೆ ಆಗ್ತದಾ?" ಎಂದು ಮಾಸ್ತರರು ಮಕ್ಕಳನ್ನು ಕೇಳಿದರು. "ಕಣ್ಣಿಗೆ ಕಂಡದ್ದು ಬರೀರಿ. ಕಾಣದ್ದು ಬರೀಬೇಡಿ."

"ಓದಿದವ್ರೆಲ್ಲ ಸಾಂಬಾರು ಮಾಡಿದ್ರೆ ನಾ ಎಂತ ಮಾಡೂದು, ಮಾಸ್ತರ್ರೆ? ಮತ್ತೆ ಬುಟ್ಟಿ ಹೊರೂದಾ?" ಎಂದೆ.

ಅವರು ನಕ್ಕರು. ನನಗೆ ನಗು ಬರಲಿಲ್ಲ, ನಿಜವಾಗಿಯೂ ಹೆದರಿಕೆಯಾಗಿತ್ತು. ಕೊನೆಗೆ ಮಕ್ಕಳಿಗೆ ಬೆನ್ನು ಹಾಕಿ ನಿಂತು, ಸೆರಗಿನ ಗಂಟಿನಿಂದ ಜುಮ್ಮನಕಾಯಿ ತೆಗೆದು ಸಾಂಬಾರಿಗೆ ಹಾಕಿದೆ. ಮನೆಯಲ್ಲಿ ಮೀನುಸಾರಿಗೆ ಹಾಕುವ, ಕಾಳಿನಂಥ ಪುಟ್ಟ ಒಣಕಾಯಿ ಅದು. ಅದು ಬಿದ್ದರೆ ಶಾಲೆಯ ಬೇಳೆ ಸಾಂಬಾರಿಗೂ ಮನೆಯ ಸಾರಿನ ಪರಿಮಳ ಬರುತ್ತದೆ, ಮಕ್ಕಳು ತಟ್ಟೆ ನೆಕ್ಕುತ್ತಾರೆ. ಅದೊಂದನ್ನು ಮಾತ್ರ ಯಾರಿಗೂ ಬಿಟ್ಟುಕೊಡುವವಳಲ್ಲ ಎಂದುಕೊಂಡೆ.

ಮಕ್ಕಳು ಬರೆದದ್ದನ್ನು ಮಾಸ್ತರರು ದೊಡ್ಡ ಕಾಗದದಲ್ಲಿ ಬರೆಸಿ ಶಾಲೆಯ ಗೋಡೆಗೆ ಅಂಟಿಸಿದರು. ಸಿಟ್ಟಿಗೆ ನಾನು ಆ ಕಡೆ ತಲೆಯೂ ಹಾಕಲಿಲ್ಲ.

ಮುಂದಿನ ವಾರ ನನಗೆ ಜ್ವರ ಬಂತು. ಸಂಜೆ ಪಕ್ಕದ ಮನೆಯ ಜಯಂತಿ ಪಾಟಿಚೀಲದ ಸಮೇತ ಬಂದು ನನ್ನ ಚಾಪೆಯ ಹತ್ತಿರ ಕುಳಿತಳು. ಅದೇ ನಾಲ್ಕನೆಯ ತರಗತಿಯ ಹುಡುಗಿ.

"ಇವತ್ತು ಮಾಸ್ತರ್ರೇ ಸಾಂಬಾರು ಮಾಡಿದ್ರು, ಗೋಡೆ ಮೇಲಿಂದು ಓದ್ಕಂಡು" ಎಂದಳು. "'ಮಾದೇವಕ್ಕ ಬೆನ್ನು ತಿರುಗಿಸಿ ಏನನ್ನೋ ಹಾಕುತ್ತಾರೆ' ಅಂತ ನಾನೇ ಬರ್ದಿದ್ದೆ. ಅವ್ರೂ ಬೆನ್ನು ತಿರುಗಿಸಿ ನಿಂತ್ರು. ಮುಂದೆ ಎಂತ ಮಾಡೂದು ಗೊತ್ತಾಗ್ಲಿಲ್ಲ."

ಜ್ವರದಲ್ಲೂ ಕೆಮ್ಮು ಬರುವಷ್ಟು ನಕ್ಕೆ.

"ಯಾರೂ ಎರಡನೇ ಸಲ ಹಾಕಿಸ್ಕಳ್ಳಲಿಲ್ಲ. ಎಂತ ಹಾಕ್ತ್ರಿ ಹೇಳಿ ಅಕ್ಕಾ."

"ಹೇಳಿದ್ರೆ ಯಾರು ಬೇಕಾದ್ರೂ ಮಾಡ್ತ್ರು. ಮತ್ತೆ ನಾ ಯಾಕೆ ಬೇಕು ನಿಮ್ಗೆ?"

ಹುಡುಗಿ ನನ್ನನ್ನೇ ನೋಡಿದಳು. "ಗೋಡೆ ಮೇಲಿಂದು ನೀವು ಓದ್ಲೇ ಇಲ್ವಾ?" ಎಂದು ಚೀಲದಿಂದ ತಾನು ಬರೆದಿದ್ದ ಪಟ್ಟಿ ಪುಸ್ತಕ ತೆಗೆದು ಕೈಗೆ ಕೊಟ್ಟಳು.

ನಾನೂ ನಾಲ್ಕನೆಯ ತರಗತಿಯವರೆಗೆ ಓದಿದವಳೇ. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಮೇಲೆ 'ಬೇಕಾಗುವ ಸಾಮಾನು' ಎಂದಿತ್ತು. ಅದರ ಕೆಳಗೆ ತೊಗರಿಬೇಳೆ, ಸೌತೆಕಾಯಿ, ತೆಂಗಿನಕಾಯಿ, ಹುಣಸೆಹಣ್ಣು, ಉಪ್ಪು. ಎಲ್ಲಕ್ಕಿಂತ ಕೆಳಗೆ, ಮಾದೇವಕ್ಕ.

"ಕಂಡದ್ದೇ ಬರ್ದದ್ದು" ಎಂದಳು ಜಯಂತಿ.

ಕಣ್ಣು ತುಂಬಿ ಬಂತು. ಇಷ್ಟು ವರ್ಷ ಬಾಯಿ ಮಾಡಿಕೊಂಡೇ ಬದುಕಿದವಳು ಆ ಕೊನೆಯ ಸಾಲನ್ನು ಮೆಲ್ಲಗೆ ಇನ್ನೊಮ್ಮೆ ಓದಿದೆ. ಆಮೇಲೆ ಮೂಗು ಒರೆಸಿಕೊಂಡು, "ಆತು, ಬರ್ಕೋ" ಎಂದೆ. "ಜುಮ್ಮನಕಾಯಿ. ಬೀಜ ತೆಗ್ದು ಹಾಕ್ಬೇಕು."