ನೂರಕ್ಕೆ ನೂರು ಫ್ಲೆಕ್ಸಿನ ಕೊನೆಯ ಸಾಲು

ಪೇಟೆಯ ಮಕ್ಕಳು ಹೈಸ್ಕೂಲು ಬಿಡುವುದೇಕೆ ಎಂದರೆ ಎಲ್ಲರ ಹತ್ತಿರವೂ ಉತ್ತರ ಸಿದ್ಧವಿರುತ್ತದೆ: ಮೊಬೈಲು, ಪ್ರೀತಿ, ಬಡತನ. ನನ್ನನ್ನು ಮುಖ್ಯೋಪಾಧ್ಯಾಯರೇ ಬಿಡಿಸಿದರು.

ರಾಣೆಬೆನ್ನೂರಿನ ಆ ಶಾಲೆಗೆ ಪ್ರತಿವರ್ಷ ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ ಬೇಕಿತ್ತು. ಗಣಿತದಲ್ಲಿ ನಾನು ಹಿಂದೆ. ಒಂಬತ್ತನೆಯ ತರಗತಿ ಮುಗಿಯುತ್ತಲೇ ಅವ್ವನನ್ನು ಕರೆಸಿದರು.

"ನೋಡ್ರಿ ಅಕ್ಕಾರ, ಇಕಿ ಎಸ್ಸೆಸ್ಸೆಲ್ಸಿ ಪಾಸಾಗೂದಿಲ್ಲ. ಟಿಸಿ ಒಯ್ರಿ, ಹೊರಗಿಂದ ಪರೀಕ್ಷಾ ಕಟ್ಟಸ್ರಿ. ನಿಮ್ಮ ಒಳ್ಳೇದಕ್ಕ ಹೇಳಾಕತ್ತೇನಿ."

"ಭಾಳ ಉಪಕಾರ ಆತ್ರಿ ಸರ," ಎಂದಳು ಅವ್ವ. ಕೈ ಮುಗಿದಳೇ? ಮುಗಿದಂತೆ ನೆನಪು. ಈ ನೆನಪನ್ನು ನಾನು ನಂಬುವುದಿಲ್ಲ. ನನ್ನ ಸಿಟ್ಟಿಗೆ ತಕ್ಕಂತೆ ಅದು ಪ್ರತಿ ಸಲ ಅವ್ವನನ್ನು ಇನ್ನಷ್ಟು ಬಾಗಿಸುತ್ತದೆ. ಉಪಕಾರದ ಆ ಮಾತನ್ನು ಮಾತ್ರ ನಂಬುತ್ತೇನೆ.

ಪರೀಕ್ಷೆ ಕಟ್ಟಲಾಗಲಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಿದೆ. ಬೆರಳು ಉರಿದಾಗಲೆಲ್ಲ ಮುಖ್ಯೋಪಾಧ್ಯಾಯರ ಮುಖ ನೆನೆದೆ. ಆಮೇಲೆ ಊರಲ್ಲೇ ಫ್ಲೆಕ್ಸ್ ಅಂಗಡಿ ಸೇರಿ ಡಿಸೈನ್ ಕಲಿತೆ.

ಹೋದ ಬೇಸಿಗೆಯಲ್ಲಿ ಅವರೇ ಅಂಗಡಿಗೆ ಬಂದರು. ಸಂಜೆ ಶಾಲೆಯಲ್ಲಿ ಸನ್ಮಾನ, ಹಾವೇರಿಯಿಂದ ಶಿಕ್ಷಣ ಇಲಾಖೆಯ ಸಾಹೇಬರು ಬರುವವರಿದ್ದರು. ಪಾಸಾದ ಎಲ್ಲರ ಫೋಟೊ, ನಡುವೆ ದೊಡ್ಡದಾಗಿ ತಮ್ಮದು ಇರಬೇಕೆಂದರು.

"ಕೂದಲಾ ಒಂದೀಟು ಕರ್ರಗ ಮಾಡವಾ ತಂಗಿ. ನೀ ಎಲ್ಲಿ ಕಲ್ತಿ?"

"ನಿಮ್ಮ ಸಾಲ್ಯಾಗ ರಿ."

"ಹೌದಾ? ಯಾವ ಬ್ಯಾಚು?"

"ನಮ್ಮ ಬ್ಯಾಚಿಗೂ ನೂರಕ್ಕ ನೂರು ಬಂದಿತ್ರಿ."

"ಮತ್ತ? ನಮ್ಮ ಸಾಲಿ ಅಂದ್ರ ಹಂಗ," ಎಂದು ಮೊಬೈಲು ನೋಡತೊಡಗಿದರು.

ಕೊನೆಯ ಸಾಲಿನಲ್ಲಿ ಒಂದು ಫೋಟೊದಷ್ಟು ಜಾಗ ಉಳಿದಿತ್ತು. ಎರಡು ಜಡೆಯ, ಒಂಬತ್ತನೆಯ ತರಗತಿಯ ನನ್ನನ್ನು ಅಲ್ಲಿ ಕೂರಿಸಿದೆ. ಕದ್ದುಮುಚ್ಚಿ ಮಾಡಲಿಲ್ಲ, ಅಚ್ಚಿಗೆ ಮೊದಲು ಅವರ ವಾಟ್ಸಾಪಿಗೇ ಕಳಿಸಿದೆ. ಅವರು ತಮ್ಮ ಮುಖವನ್ನಷ್ಟೇ ಬೆರಳಿನಿಂದ ಹಿಗ್ಗಿಸಿ, ಕೂದಲು ನೋಡಿಕೊಂಡು, "ಓಕೆ, ಹೊಡಿ" ಎಂದರು.

ಬಸ್ ನಿಲ್ದಾಣದೆದುರು ಫ್ಲೆಕ್ಸ್ ಏರಿದ ಮರುದಿನ ಧಾವಿಸಿ ಬಂದರು.

"ಕಡೀ ಸಾಲಿನ್ಯಾಗ ಯಾರಕಿ? ಸ್ಟಾಫಿನ್ಯಾಗ ಯಾರಿಗೂ ಗುರ್ತ ಹತ್ತವಲ್ದು."

"ಫೇಲ್ ಆಗ್ತಾಳ ಅಂತ ಟಿಸಿ ಕೊಟ್ಟು ಕಳಿಸಿದ್ರಲ್ರಿ, ಆಕಿ. ನಾನ."

ಅವರು ನನ್ನ ಮುಖ ಮೊದಲ ಸಲ ನೋಡಿದರು. ದನಿ ಇಳಿಯಿತು. "ಮ್ಯಾಲೊಂದು ಸ್ಟಿಕ್ಕರ್ ಹಚ್ಚಿಬಿಡು."

"ಹಚ್ತೀನ್ರಿ. ಏಣಿ ಹತ್ತಿ ಹಚ್ಚೂಮುಂದ ಬಸ್‌ಸ್ಟ್ಯಾಂಡಿನ ಮಂದಿ ಕೇಳ್ತಾರ, ಯಾರನ್ನ ಮುಚ್ಚಾಕತ್ತೀದಿ ಅಂತ. ಏನಂತ ಹೇಳ್ಲಿ ಸರ?"

ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಮಳೆಗಾಲದವರೆಗೂ ಫ್ಲೆಕ್ಸು ಸ್ಟಿಕ್ಕರಿಲ್ಲದೆ ಅಲ್ಲೇ ಇತ್ತು. ಬಿಸಿಲಿಗೆ ಎಲ್ಲ ಮುಖಗಳೂ ಬಿಳಚಿಕೊಂಡವು, ಅವರ ಕರಿ ಕೂದಲೂ. ನನ್ನದೊಂದು ಮಾತ್ರ ಹಾಗೇ ಉಳಿದಿತ್ತೆಂದು ನೆನಪು. ಸುಳ್ಳಿರಬೇಕು, ಎಲ್ಲಕ್ಕೂ ಒಂದೇ ಶಾಯಿ. ಆದರೂ ಈ ನೆನಪನ್ನು ತಿದ್ದುವುದಿಲ್ಲ.