ಡಬ್ಬಿ ಇಟ್ಟು ಹೋಗುವವರು ಯಾರು?

ಇಂಡಿ ಊರಿನ ಪೇಟೆ ಓಣಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ. ಮೊದಲು ಅತ್ತೆ ನಡೆಸುತ್ತಿದ್ದರು, ಈಗ ನಾನು. ಊರಿನ ಬಿಸಿಲು, ಕರೆಂಟಿನ ಬಗ್ಗೆ ಪುರಸಭೆಯವರು ಯೋಜನೆ ಮಾಡುತ್ತಿದ್ದಾರೆ, ಅಂಗಡಿಕಾರರೂ ಓಣಿಯವರೂ ಸಭೆಗೆ ಬರಬೇಕು ಎಂದು ಹೇಳಿಕಳಿಸಿದಾಗ ನನಗೆ ನಗು ಬಂತು. ಬಿಸಿಲಿಗೆಂಥ ಯೋಜನೆ? ಅದು ಯಾರ ಮಾತು ಕೇಳುತ್ತದೆ? ಆದರೂ ಹೋದೆ. ಹೋದದ್ದೇ ಪುಣ್ಯ.

ಯೋಜನೆ ಬರೆಯುತ್ತಿದ್ದ ಇಂಜಿನಿಯರ್ ಮ್ಯಾಡಂ ನನ್ನ ಮಗಳ ವಯಸ್ಸಿನವಳು. ಬೇಸಿಗೆಯ ಸಂಜೆ ಕೂಲರ್, ಅಂಗಡಿಯ ದೀಪ, ಗಿರಣಿಯ ಮೋಟರ್ ಎಲ್ಲ ಒಮ್ಮೆಲೇ ಕರೆಂಟು ಎಳೆಯುವುದರಿಂದ ನಮ್ಮ ಓಣಿಯ ಟ್ರಾನ್ಸ್‌ಫಾರ್ಮರ್ ಕೈಕೊಡುತ್ತದೆ ಎಂದಳು. ಸುಳ್ಳಲ್ಲ. ದೀಪ ಮಂಕಾಗುವುದು, ನೀರಿನ ಮೋಟರ್ ಗೊರಗುಟ್ಟಿ ನಿಲ್ಲುವುದು ನಮಗೇನು ಹೊಸದೇ? ಆಮೇಲೆ ಮೆಲ್ಲಗೆ ಓದಿದಳು: ಬೇಸಿಗೆಯಲ್ಲಿ ಸಂಜೆ ಹೊತ್ತು ಗಿರಣಿಗಳು ಬಂದ್.

ನಾನು ಎದ್ದು ನಿಂತೆ. "ಸಂಜೀ ಮುಂದ ಗಿರಣಿ ಬಂದ್ ಮಾಡಿದ್ರ ನಾ ಏನ್ ಮಣ್ಣ ತಿನ್ಲೇನ್ರಿ? ಹೆಣ್ಣಮಕ್ಕಳು ಕೆಲಸ ಮುಗಿಸಿ ಬರೂದ ಆವಾಗ!"

ಆಕೆ ಸಿಟ್ಟಾಗಲಿಲ್ಲ. "ಇನ್ನೂ ಪಕ್ಕಾ ಆಗಿಲ್ರಿ ಕಾಕೂ, ಅದಕ್ಕ ನಿಮ್ಮನ್ನ ಕರದೇವಿ. ನಿಮ್ಮ ತಗಡಿನ ಮ್ಯಾಲೆ ಸೋಲಾರ್ ಹಾಕಿದ್ರ ಮಧ್ಯಾಹ್ನ ಗಿರಣಿ ಬಿಸಿಲಿನ ಮ್ಯಾಲೇ ಓಡತೈತಿ. ಮುಂಜಾನೆ ಡಬ್ಬಿ ಇಟ್ಟು ಹೋಗ್ಲಿ, ಸಂಜೀಕ ಹಿಟ್ಟು ಒಯ್ಲಿ."

ಇಡೀ ಸಭೆ ಗೊಳ್ಳೆಂದು ನಕ್ಕಿತು. ನಮ್ಮ ಕಡೆ ಜೋಳದ ಡಬ್ಬಿ ಬಿಟ್ಟು ಯಾರಾದರೂ ಮನೆಗೆ ಹೋಗುತ್ತಾರೆಯೇ! ತನ್ನ ಜೋಳ ಕಲ್ಲಿಗೆ ಬೀಳುವುದನ್ನು ಕಣ್ಣಾರೆ ನೋಡಬೇಕು. ಬಿಸಿ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ "ಇನ್ನೊಂಚೂರು ಸಣ್ಣ ಆಗ್ಲಿ" ಅನ್ನಬೇಕು. ಹಿಂದಿನವಳ ಸಜ್ಜೆ ತನ್ನದರಲ್ಲಿ ಸೇರಿತೆಂದು ಜಗಳವಾಡಬೇಕು. ಹಿಟ್ಟು ಸರಿಯಿಲ್ಲದಿದ್ದರೆ ರೊಟ್ಟಿ ಬಡಿಯುವಾಗ ಅಂಚು ಹರಿಯುತ್ತದೆ, ಮನೆಯಲ್ಲಿ ಬೈಗುಳ ತಿನ್ನುವವಳು ರೊಟ್ಟಿ ಬಡಿದವಳೇ.

"ಹಂಗಾರ ಮುಂದಿನ ಸಭಾ ನನ್ನ ಗಿರಣ್ಯಾಗ ಇಡ್ರಿ. ಹಿಟ್ಟು ಒಯ್ಯೂ ಹೆಣ್ಣಮಕ್ಕಳ ಹೇಳ್ಲಿ," ಎಂದೆ. ಸಿಟ್ಟಿನಲ್ಲಿ ಅಂದ ಮಾತು. ಮ್ಯಾಡಂ ನಿಜವಾಗಿಯೂ ಬಂದೇಬಿಟ್ಟಳು!

ಹಿಟ್ಟಿನ ಧೂಳಿನಲ್ಲಿ, ಚೀಲಗಳ ಮೇಲೆ ಕುಳಿತು ಸಭೆ. ಎಲ್ಲರಿಗಿಂತ ಮುಂದೆ ಕನ್ನಡ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ನಾನು ಸಜ್ಜೆ ಬೆರೆಸಿದೆನೆಂದು ಹಿಂದೊಮ್ಮೆ ಓಣಿಗೇ ಕೇಳುವಂತೆ ಒದರಿದವರು ಇವರೇ. ಮಾತು ಶುರುಮಾಡಿದವರೂ ಇವರೇ. "ಒಬ್ಬೊಬ್ಬರ ಡಬ್ಬೀದೂ ಮೊದಲನೇ ಬೊಗಸಿ ಬೀಸಿ ಬ್ಯಾರೆ ತಗೀಬೇಕು, ಕಲ್ಲು ಸ್ವಚ್ಛ ಆಗ್ಲಿ. ಅದು ಎಮ್ಮಿಗೆ ಹೋಗ್ಲಿ. ಡಬ್ಬಿ ಹಿಡಿಕಿಗೆ ಹಳೇ ಹಿಟ್ಟು ಒಂದ್ ಚಿಟಿಕಿ ಅರಿವ್ಯಾಗ ಕಟ್ಟತೇವಿ, ಅಷ್ಟ ಸಣ್ಣ ಬೀಸಬೇಕು. ಮತ್ತ ಮಧ್ಯಾಹ್ನ ನಮ್ಮೊಳಗ ಒಬ್ಬಾಕಿ ಪಾಳಿ ಮ್ಯಾಲೆ ಬಂದು ಇಲ್ಲೇ ಕೂಡ್ತಾಳ."

"ಅಂದ್ರ ನನ್ನ ಮ್ಯಾಲೆ ಕಾವಲಾ?"

"ಹಂಗ ತಿಳ್ಕೊ."

ಮೈಯೆಲ್ಲ ಉರಿದುಹೋಯಿತು. ಎದ್ದು ಹೋಗಿಬಿಡೋಣವೆಂದರೆ ಎಲ್ಲಿಗೆ, ಗಿರಣಿ ನನ್ನದೇ! ಮ್ಯಾಡಂ ಪೆನ್ನು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. ಈ ಒಂದು ಬೇಸಿಗೆ ಹೀಗೆ ನಡೆದರೆ ಬಂದ್ ಮಾಡುವ ಮಾತನ್ನು ಯೋಜನೆಯಿಂದ ತೆಗೆಸುತ್ತೇನೆ ಎಂದಳು. ಹಲ್ಲು ಕಚ್ಚಿ "ಆಗ್ಲಿ" ಎಂದೆ.

ಪುರಸಭೆಯವರು ತಗಡಿನ ಮೇಲೆ ಸೋಲಾರ್ ಕೂರಿಸಿದರು. ಮೊದಮೊದಲು ಬಂದ ಡಬ್ಬಿಗಳು ಬೆರಳೆಣಿಕೆಯಷ್ಟು. ರಜೆಯಲ್ಲಿದ್ದ ಅಕ್ಕೋರು ಮೊದಲ ಪಾಳಿಗೆ ಬಂದು, ಪರೀಕ್ಷೆಯ ಕೋಣೆಯಲ್ಲಿ ಕಾವಲು ಕೂತಂತೆ ಕೂತರು. ನಾನೂ ಬಿಡಲಿಲ್ಲ, ಪ್ರತಿ ಡಬ್ಬಿಯ ಮೊದಲ ಬೊಗಸೆಯನ್ನು ಅವರ ಮೂಗಿನ ಮುಂದೆಯೇ ಹಿಡಿದು ತೋರಿಸಿ ಎಮ್ಮೆಯ ಬುಟ್ಟಿಗೆ ಸುರಿದೆ. ಒಣ ಬಿಸಿಲಿನಲ್ಲಿ ಕಲ್ಲು ಗರಗರ ತಿರುಗಿತು. ಸಂಜೆ ನಾನು ಗಿರಣಿಯ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರೆ ಎದುರುಮನೆಯ ದೀಪ ಮಂಕಾಗದೆ ಉರಿಯುತ್ತಿತ್ತು, ನೀರು ಮಹಡಿಗೆ ಏರುವ ಸದ್ದು ಕೇಳುತ್ತಿತ್ತು. ಖುಷಿಯಾಗದೆ ಇರುತ್ತದೆಯೇ!

ನೋಡನೋಡುತ್ತ ಡಬ್ಬಿಗಳ ಸಾಲು ಬಾಗಿಲು ದಾಟಿ ಕಟ್ಟೆಗೆ ಬಂತು. ಹೊರ್ತಿ ಹಳ್ಳಿಯಿಂದ ಸಂತೆಗೆ ಬಂದವರೂ ಇಟ್ಟು ಹೋಗತೊಡಗಿದರು. ಬೇಸಿಗೆ ಮುಗಿಯುವ ಹೊತ್ತಿಗೆ ಮ್ಯಾಡಂ ಯೋಜನೆಯ ಹಾಳೆ ತಂದು, ನನ್ನ ಕಣ್ಣೆದುರೇ 'ಬಂದ್' ಎಂಬ ಸಾಲಿನ ಮೇಲೆ ಅಡ್ಡಗೆರೆ ಎಳೆದಳು. ಅವತ್ತು ಓಣಿಗೆಲ್ಲ ಪೇಡೆ ಹಂಚಿದೆ.

ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಗಿರಣಿಯವರು ನೋಡಲು ಬಂದಾಗ ನಾನು ಸೆರಗು ಸಿಕ್ಕಿಸಿಕೊಂಡು ಎಲ್ಲವನ್ನೂ ತೋರಿಸಿದೆ. ಬಾಗೇವಾಡಿಯವನೊಬ್ಬ ಸುತ್ತ ಕಣ್ಣಾಡಿಸಿ, "ಪಾಳಿ ಮ್ಯಾಲೆ ಒಬ್ರು ಕೂಡ್ತಾರ ಅಂದ್ರಿ. ಇವತ್ತ ಯಾರದು?" ಎಂದು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ, ಹಿಟ್ಟು ಒಯ್ಯಲು ಬಂದಿದ್ದ ಅಕ್ಕೋರು ತಮ್ಮ ಡಬ್ಬಿಯನ್ನು ಮುಚ್ಚಳ ಸಹ ತೆಗೆಯದೆ ಸೊಂಟಕ್ಕೇರಿಸಿಕೊಂಡರು.

"ಯಾವ ಪಾಳೀರಿ? ಅದೆಲ್ಲಾ ನಾವ ಬಿಟ್ಟೇವಿ. ಈಕಿ ಅದಾಳಲ್ಲ!"