ಗೊತ್ತಾತು, ಗೊತ್ತಿತ್ತು

ಕಣ್ಣಿಗೆ ಬೀಳದ್ದನ್ನು ಕಂಡೆ ಅನ್ನುವವರನ್ನು ಚರ್ಚಾಸ್ಪರ್ಧೆಗಳಲ್ಲಿ ಗೇಲಿ ಮಾಡಿ ಚಪ್ಪಾಳೆ ಗಿಟ್ಟಿಸಿದವನು ನಾನು. ಈಗಲೂ ಅಂಥದ್ದನ್ನು ನಂಬುವುದಿಲ್ಲ. ಆದರೆ ಇದೊಂದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅದಕ್ಕೇ ಇಷ್ಟು ಸಿಟ್ಟು.

ಆನವಟ್ಟಿ ಕಡೆಯ ಹೊಳೆಯಲ್ಲಿ ಒಂದು ಆಳದ ಮಡುವಿದೆ. ದೇವರ ಮೀನೆಂದು ಅಲ್ಲಿ ಯಾರೂ ಹಿಡಿಯುವಂತಿಲ್ಲ. ಬಂದವರು ಮಂಡಕ್ಕಿ ಹಾಕಿ ಹೋಗಬೇಕು, ಅಷ್ಟೆ. ಅದನ್ನು ಕಾಯಲು ಊರ ದೇವಸ್ಥಾನ ಸಮಿತಿಯವರು ಇಟ್ಟುಕೊಂಡಿದ್ದು ವಯಸ್ಸಾದ ಬಸಮ್ಮನನ್ನು. ಆಕೆ ಕಾಲು ಮುರಿದುಕೊಂಡು ಮೈಲಿಗಟ್ಟಲೆ ದೂರದ ಶಿರಾಳಕೊಪ್ಪದ ಮಗಳ ಮನೆಯಲ್ಲಿ ಮಲಗಿದ್ದಾಗ ಮಡುವಿನ ಮೀನು ಖಾಲಿಯಾಗತೊಡಗಿತು. ಬಸಮ್ಮನೇ ಕದ್ದು ಮಾರಿಸುತ್ತಿದ್ದಾಳೆಂದು ಊರಲ್ಲಿ ಯಾರೋ ಸುದ್ದಿ ಹಬ್ಬಿಸಿದರು. ನಾನು ಅದೇ ಊರಿನವನು; ಉಪಗ್ರಹದ ಚಿತ್ರ ಓದುವುದು ನನ್ನ ಕಸುಬು. ಕಳ್ಳರನ್ನು ಆಕಾಶದಿಂದಲೇ ಹಿಡಿದು ಆಕೆಯ ಹೆಸರು ಉಳಿಸುತ್ತೇನೆಂದು ಹೊರಟೆ.

ಮಗಳ ಮನೆಗೆ ಧೈರ್ಯ ಹೇಳಲು ಹೋದರೆ ಆಕೆಯೇ ಅಂದಳು, "ಮೊನ್ನೆ ಸೋಮವಾರ ಹೊತ್ತೇರಿದ ಮೇಲೆ ಮೂರು ತೆಪ್ಪ ಇಳಿಸ್ಯಾರೆ ತಮ್ಮಾ. ಒಂದರ ಮೇಲೆ ನೀಲಿ ತಾಡಪಾಲು."

"ಯಾರು ಹೇಳಿದ್ರಮ್ಮಾ? ಮೀನು ಫೋನ್ ಮಾಡಿದ್ವಾ?"

"ನಗು, ನಗು. ಕಾಲೆಲ್ಲ ತಣ್ಣಗಾತು, ಗೊತ್ತಾತು ನಂಗೆ."

ಸೋಮವಾರದ ಚಿತ್ರ ನನ್ನ ಕೈ ಸೇರಿದ್ದೇ ಈ ಮಾತಾದ ಎರಡು ದಿನದ ಮೇಲೆ. ಹಿಗ್ಗಿಸಿ ನೋಡಿದೆ. ಮಡುವಿನ ನಡುವೆ ಮೂರು ಚುಕ್ಕೆ, ಒಂದು ನೀಲಿ. ಕಂಡವರಾರೋ ಹೇಳಿರಬೇಕೆಂದು ಕೆದಕಿದೆ. ಆ ವಾರ ಮನೆಗೆ ಯಾರೂ ಬಂದಿಲ್ಲ, ಅವ್ವನ ಹತ್ತಿರ ಫೋನೂ ಇಲ್ಲ ಎಂದು ಮಗಳು ಆಣೆ ಮಾಡಿದಳು.

ಕಳ್ಳರ ಸುಳಿವು ಕೊಟ್ಟವಳೇ ಬಸಮ್ಮ ಎಂದು ತೋರಿಸಲು, ಚಿತ್ರ ಲಗತ್ತಿಸಿ ಸಮಿತಿಗೆ ಅರ್ಜಿ ಬರೆದೆ. ನನ್ನ ಜಾಣತನ ನೋಡಿ: ಆಕೆಯ 'ಗೊತ್ತಾತು' ಆಡುಮಾತಾಯಿತೆಂದು ತಿದ್ದಿ, 'ಚಿತ್ರ ಬರುವ ಮೊದಲೇ ಬಸಮ್ಮನಿಗೆ ಗೊತ್ತಿತ್ತು' ಎಂದು ಗ್ರಾಂಥಿಕ ಕನ್ನಡದಲ್ಲಿ ಹಾಕಿದೆ. ಗೊತ್ತಾತು ಅಂದರೆ ಆಗ ತಿಳಿಯಿತು. ಗೊತ್ತಿತ್ತು ಅಂದರೆ ಸಂಚು.

ಸಮಿತಿಯ ಸಭೆಯಲ್ಲಿ ಅಧ್ಯಕ್ಷ ಆ ಸಾಲಿನ ಮೇಲೇ ಬೆರಳಿಟ್ಟ. "ಮೊದ್ಲೇ ಗೊತ್ತಿತ್ತು ಅಂತ ನೀವೇ ಬರ್ದೀರಲ್ರೀ! ಪಾಲಿಲ್ದೆ ಹೆಂಗ್ರೀ ಗೊತ್ತಿರ್ತದೆ?"

ಸಭೆ ನಕ್ಕಿತು. ತೆಪ್ಪ ಯಾರದ್ದೆಂದು ಒಬ್ಬನೂ ಕೇಳಲಿಲ್ಲ. ಥೂ! ಎದ್ದು ನಿಂತವನು ಕೂತುಬಿಟ್ಟೆ. ಅವನ ಕುರ್ಚಿಯಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

ಬಸಮ್ಮನನ್ನು ಕೆಲಸದಿಂದ ತೆಗೆದುಹಾಕಿದರು. ತಿಳಿಸಲು ಹೋದಾಗ ಆಕೆ ನನ್ನನ್ನು ಬೈಯಲಿಲ್ಲ. "ಈಗ ಮತ್ತೆ ಇಳಿಸ್ಯಾರೆ ನೋಡು" ಎಂದು ಕಣ್ಣು ಮುಚ್ಚಿಕೊಂಡಳು.

ಆ ದಿನದ ಚಿತ್ರ ಬಂದು ತಿಂಗಳಾಯಿತು. ತೆಪ್ಪ ಕಂಡರೆ ಅದನ್ನೂ ಆಕೆಯ ತಲೆಗೇ ಕಟ್ಟುತ್ತಾರೆ. ಕಾಣದಿದ್ದರೆ ನನ್ನ ಅಪನಂಬಿಕೆ ಉಳಿದು ನನಗೇನೋ ನೆಮ್ಮದಿ, ಆದರೆ ಆಕೆಯ ಮಾತು ಸುಳ್ಳಾಗಲಿ ಎಂದು ಹಾರೈಸಲು ನಾಚಿಕೆ. ಇನ್ನೂ ತೆರೆದಿಲ್ಲ.